ದೊಡ್ಡವ್ವ ಆರಿಸಿಕೊಟ್ಟ ಮೂರು ಬಾಣಗಳು

ಮೊನ್ನೆ ಸೊಸೆ ಹಿತ್ತಲಿನಲ್ಲಿ ಕೋಳಿ ಸುಡುತ್ತಿದ್ದಳು. ನಾನು ಒಳಗೆ ಒಲೆಯ ಮುಂದೆ ಕೂತು ಕುಸುಬಿ ಎಣ್ಣೆ ಕಾಯಲಿಕ್ಕೆ ಇಟ್ಟಿದ್ದೆ. ಗಾಳಿ ಹೊರಗಿನಿಂದ ಒಳಕ್ಕೆ ಬೀಸಿತು ನೋಡಿ, ಸುಟ್ಟ ಗರಿಯ ವಾಸನೆಯೂ ಕಾದ ಎಣ್ಣೆಯ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿದವು. ಕೈಯಲ್ಲಿ ಸೌಟು ಹಿಡಿದವಳು ಹಾಗೇ ಕೂತುಬಿಟ್ಟೆ. ಎಣ್ಣೆ ಹೊಗೆಯಾಡಿತು. ಸೊಸೆ ಓಡಿ ಬಂದು ಪಾತ್ರೆ ಇಳಿಸಿ, “ಏನಾತ್ರೀ ಅತ್ತಿ, ಎಲ್ಲಿ ಹೋಗಿದ್ರಿ?” ಎಂದು ಕೇಳಿದಳು. “ಸುರಪುರಕ್ಕ ಹೋಗಿದ್ದೆ” ಎಂದೆ. ಅವಳು ನಕ್ಕಳು. ಆದರೆ ನಾನು ಹೇಳಿದ್ದು ನಿಜವೇ ಆಗಿತ್ತು...

ನಮ್ಮ ತವರುಮನೆ ಸುರಪುರದ ಬೇಡರ ಓಣಿಯಲ್ಲಿ, ಗುಡ್ಡದ ಮಗ್ಗುಲಿಗೆ. ಆಗ ನಮ್ಮದು ನಿಜಾಮರ ಸೀಮೆ. ಅಪ್ಪ ತಹಶೀಲ ಕಚೇರಿಯಲ್ಲಿ ಜವಾನನಾಗಿದ್ದ. ಊರ ಹೊರಗೆ ಒಂದಿಷ್ಟು ಹೊಲವೂ ಇತ್ತು. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ; ಅಪ್ಪನ ಬೈಗುಳವನ್ನು ಕೇಳಿಯೇ ನಾನು ಅರ್ಧ ಉರ್ದು ಕಲಿತದ್ದು. ನಮ್ಮ ಮನೆಗೂ ಬಾಜೂಮನೆಗೂ ನಡುವೆ ಒಂದೇ ಗೋಡೆ. ಆ ಬಾಜೂಮನೆಯಲ್ಲಿ ಇದ್ದವಳು ದೊಡ್ಡವ್ವ. ರಕ್ತಸಂಬಂಧ ಏನೂ ಇರಲಿಲ್ಲ. ಓಣಿಗೆಲ್ಲ ಅವಳು ದೊಡ್ಡವ್ವ, ಅವಳಿಗಿಂತ ವಯಸ್ಸಾದವರೂ ಹಾಗೇ ಕರೆಯುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಗದ್ದದ ಮೇಲೆ ಹಚ್ಚೆ, ದವಡೆಯಲ್ಲಿ ಯಾವಾಗಲೂ ಎಲೆ ಅಡಿಕೆ ತಂಬಾಕು. ಗಂಟಲು ಎಂಥದ್ದೆಂದರೆ, ಅವಳು ಕಿವಿಯಲ್ಲಿ ಗುಟ್ಟು ಹೇಳಿದರೂ ಓಣಿಯ ಆ ತುದಿಯ ಮನೆಯವರು “ಹೌದೇನ?” ಎಂದು ಬಂದು ಕೇಳುತ್ತಿದ್ದರು.

ಅವಳ ಕೆಲಸ ಬಾಣ ಕಟ್ಟುವುದು. ತವರಿನಿಂದ ಕಲಿತು ಬಂದ ವಿದ್ಯೆ. ಹೊಳೆದಂಡೆಯಲ್ಲಿ ಬೆಳೆಯುವ ಲಾಳದ ಜೊಂಡಿನ ಕಡ್ಡಿಗಳನ್ನು ಹೊರೆಗಟ್ಟಲೆ ತರಿಸಿ, ಒಲೆಯ ಮೇಲಿನ ಜಂತಿಗೆ ಕಟ್ಟಿ ಹೊಗೆ ಕುಡಿಸುತ್ತಿದ್ದಳು. ಒಣಗಿದ ಕಡ್ಡಿಗೆ ಎಣ್ಣೆ ಸವರಿ, ಕೆಂಡದ ಮೇಲೆ ಹೊರಳಿಸಿ, ಸೊಟ್ಟ ಇದ್ದಲ್ಲಿ ಒತ್ತಿ ನೆಟ್ಟಗೆ ಮಾಡುತ್ತಿದ್ದಳು. ಬುಡಕ್ಕೆ ಗರಿ ಕಟ್ಟಿದ ಮೇಲೆ ಅದರ ಅಂಚನ್ನು ಕಾದ ಕಬ್ಬಿಣದಿಂದ ಸುಟ್ಟು ಸಮ ಮಾಡುವಳು. ನಾನು ಹೇಳಿದ ವಾಸನೆ ಅದೇ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಆ ವಾಸನೆ ಬರದಿದ್ದ ದಿನ ದೊಡ್ಡವ್ವನಿಗೆ ಜ್ವರ ಬಂದಿದೆ ಎಂದು ಅರ್ಥ.

ಜಂಬವೂ ಅಷ್ಟೇ. “ನಾ ಆರಿಸಿದ ಬಾಣ ಕಣ್ಣ ಕಟ್ಟಿ ಬಿಟ್ರೂ ತನ್ನ ಹಾದಿ ತಾನ ಹುಡಿಕ್ಕೊಂಡು ಹೋಗ್ತೈತಿ” ಎಂದು ಎದುರಿಗೆ ಬಂದವರಿಗೆಲ್ಲ ಹೇಳುವಳು. ಎಷ್ಟೋ ಸಲ ಅವಳ ಬಾಣವೂ ಹಾದಿ ತಪ್ಪಿದ್ದುಂಟು. ಆಗ ಮಾತ್ರ ತಪ್ಪು ಬಿಟ್ಟವನದು, ಇಲ್ಲವೇ ಗಾಳಿಯದು, ಅದೂ ಆಗದಿದ್ದರೆ ಆ ದಿನದ ವಾರದ್ದು. ಅವಳು ತಾನೇ ಬಿಲ್ಲು ಹಿಡಿದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಕೇಳಿದರೆ, “ಅಡಿಗಿ ಮಾಡಾಕಿ ಎಲ್ಲಾ ತಾನ ಉಣ್ತಾಳೇನ?” ಎನ್ನುತ್ತಿದ್ದಳು.

ನಮ್ಮ ಓಣಿಯ ನಾಲ್ಕಾರು ಮನೆತನಗಳಲ್ಲಿ ಆಗ ಒಂದು ರಿವಾಜು ಇತ್ತು. ಹೆಣ್ಣು ನೋಡಿ ಮಾತುಕತೆ ಆದ ಮೇಲೆ, ಜೋಳ ಕೊಯ್ದು ಖಾಲಿಯಾದ ಹೊಲಕ್ಕೆ ಗಂಡನ್ನು ಕರೆದುಕೊಂಡು ಹೋಗುವುದು. ಹೊಲದಲ್ಲಿ ಮೂರು ಕಡೆ ಗುರಿ ಇಟ್ಟಿರುತ್ತಿದ್ದರು, ಒಂದು ಹಳ್ಳದ ಆಚೆ, ಒಂದು ಗಿಡಗಳ ನಡುವೆ, ಒಂದು ಗುಡ್ಡದ ಏರಿನಲ್ಲಿ. ಎಷ್ಟು ದೂರ ಎಂದು ಯಾರೂ ಹೇಳುವಂತಿಲ್ಲ. ಅವನು ನಡೆದುಕೊಂಡು ಹೋಗಿ, ಕಣ್ಣಿನಲ್ಲೇ ಅಳೆದು, ಒಂದೊಂದಕ್ಕೆ ಒಂದೊಂದು ಬಾಣ ಬಿಡಬೇಕು. ಮೂರರಲ್ಲಿ ಎರಡಾದರೂ ತಾಗಿದರೆ ಅಲ್ಲೇ ಹೊಲದಲ್ಲೇ ವೀಳ್ಯ, ಇಲ್ಲದಿದ್ದರೆ ಊಟ ಮಾಡಿಸಿ ಮರ್ಯಾದೆಯಿಂದ ಕಳಿಸುವುದು. ಬಿಲ್ಲು ಗಂಡಿನ ಮನೆಯದು, ಬಾಣ ಹೆಣ್ಣಿನ ಮನೆಯದು. ಹಾಗೇಕೆ ಎಂದರೆ ಗಂಡಸರು, “ಬಂದ ಬೀಗರಿಗೆ ನಾವು ಮಾಡೋ ಇಜ್ಜತ್ತು” ಎಂದು ಮೀಸೆಯ ಮೇಲೆ ಕೈ ಹಾಕಿ ಹೇಳುತ್ತಿದ್ದರು. ಹೆಂಗಸರು ಏನೂ ಹೇಳುತ್ತಿರಲಿಲ್ಲ.

ಹೇಳದೇ ಇದ್ದದ್ದಕ್ಕೆ ಕಾರಣ ಇತ್ತು. ಬಾಣ ಬಿಲ್ಲಿಗೆ ಹೊಂದಬೇಕು. ಹೆದೆ ಬಿಟ್ಟ ಕೂಡಲೇ ಬಾಣ ನೆಟ್ಟಗೆ ಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ, ಅದು ಹಾಗಲ್ಲ. ದಾರಿಗೆ ಬಿಲ್ಲಿನ ಕಟ್ಟಿಗೆಯೇ ಅಡ್ಡ ನಿಂತಿರುತ್ತದೆ, ಬಾಣ ಸ್ವಲ್ಪ ಬಳುಕಿ ಅದನ್ನು ಬಳಸಿಕೊಂಡು ಹೋಗಬೇಕು. ಕಡ್ಡಿ ತೀರ ಬಿರುಸಾದರೆ ಬಳುಕುವುದಿಲ್ಲ, ಎಡಕ್ಕೆ ಸಿಡಿಯುತ್ತದೆ. ತೀರ ಮೆತ್ತಗಾದರೆ ಹೆಚ್ಚು ಬಳುಕಿ ಬಲಕ್ಕೆ ಹೋಗುತ್ತದೆ. ಬಲವಾದ ಬಿಲ್ಲಿಗೆ ಬಿರುಸು ಕಡ್ಡಿ, ಮೆತ್ತನೆಯ ಬಿಲ್ಲಿಗೆ ಬಳುಕುವ ಕಡ್ಡಿ. ಇಷ್ಟು ತಿಳಿದವಳ ಕೈಯಲ್ಲಿ ಮದುವೆ ಆಗಿಸುವುದೂ ಇತ್ತು, ಮುರಿಯುವುದೂ ಇತ್ತು. ಓಣಿಯಲ್ಲಿ ಯಾವ ಹುಡುಗಿಯ ಮಾತುಕತೆ ನಡೆದರೂ ದೊಡ್ಡವ್ವ ಒಂದು ನೆಪ ಮಾಡಿಕೊಂಡು ಅವಳನ್ನು ತನ್ನ ಹಿತ್ತಲಿಗೆ ಕರೆಯುತ್ತಿದ್ದಳು. ಅಲ್ಲಿ ಒಂದೇ ಪ್ರಶ್ನೆ. ಅದನ್ನು ಕೇಳುವಾಗ ಮಾತ್ರ ಅವಳ ದನಿ ನಿಜಕ್ಕೂ ಸಣ್ಣದಾಗುತ್ತಿತ್ತು.

ಎದುರುಮನೆಯ ಹುಡುಗಿ ಒಬ್ಬಳು ಬೇಡ ಎಂದು ಅತ್ತಿದ್ದಳಂತೆ. ನೋಡಲು ಬಂದವನು ಎದುರಿಗೆ ಬಂದ ನಾಯಿಗೆಲ್ಲ ಕಲ್ಲು ಹೊಡೆಯುತ್ತಿದ್ದ ಮನುಷ್ಯ. ದೊಡ್ಡವ್ವ ಅವನಿಗೆ ಆರಿಸಿಕೊಟ್ಟ ಬಾಣಗಳನ್ನು ನಾನೇ ನೋಡಿದ್ದೇನೆ. ಕೆಂಪು ಬಣ್ಣ ಬಳಿದು, ನವಿಲುಗರಿ ಕಟ್ಟಿ, ಬುಡಕ್ಕೆ ಜರಿಯ ದಾರ ಸುತ್ತಿದ ಮೂರು ಸುಂದರಿಯರು! ಒಂದು ಬಣವೆಯೊಳಗೆ ಹೊಕ್ಕಿತು. ಒಂದು ಹಳ್ಳದ ನೀರು ಕುಡಿಯಿತು. ಇನ್ನೊಂದು ಎಲ್ಲಿ ಹೋಯಿತೋ ಈವರೆಗೂ ಸಿಕ್ಕಿಲ್ಲ. ಆ ಮನುಷ್ಯ ಊಟ ಮಾಡಿ ಹೋಗುವಾಗ, “ಏನಾರ ಅನ್ರಿ, ಬಾಣ ಮಾತ್ರ ಭಾರಿ ಚಂದ ಇದ್ದುವು” ಎಂದು ಹೊಗಳಿಯೇ ಹೋದ. ದೊಡ್ಡವ್ವ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತ ಕೂತಿದ್ದಳು.

ಇನ್ನು ನನ್ನ ಸರದಿ. ಕಕ್ಕೇರಾದ ಒಂದು ಮನೆಯಿಂದ ಮಾತು ಬಂದಿತ್ತು. ಹುಡುಗನನ್ನು ನಾನು ಅದಕ್ಕೂ ಮೊದಲೇ ಸುರಪುರದ ಸಂತೆಯಲ್ಲಿ ನೋಡಿದ್ದೆ. ಮೆಣಸಿನಕಾಯಿ ಮಾರಲು ತಾಯಿಯ ಜೊತೆ ಬಂದಿದ್ದ. ಯಾರದೋ ಆಡು ಹಿಂದಿನಿಂದ ಬಂದು ಅವನ ಹೆಗಲ ಮೇಲಿನ ವಸ್ತ್ರ ತಿನ್ನುತ್ತಿತ್ತು. ಅವನು ಅದನ್ನು ಹೊಡೆಯಲಿಲ್ಲ. ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿ ಅದರ ಬಾಯಲ್ಲಿರಲು, “ಬಿಡವ್ವಾ, ಇದ ಒಂದ ಐತಿ” ಎಂದು ಆಡಿಗೆ ಬೇಡಿಕೊಳ್ಳುತ್ತ ನಿಂತಿದ್ದ. ನಾನು ನಕ್ಕೆ. ಅವನು ನೋಡಿದ. ಆಡು ಅಷ್ಟರಲ್ಲಿ ವಸ್ತ್ರ ಕಿತ್ತುಕೊಂಡು ಹೋಯಿತು. ನನ್ನ ಮನಸ್ಸೂ ಅದರ ಹಿಂದೆಯೇ ಹೋಯಿತು ಎನ್ನಬೇಕು, ಈ ವಯಸ್ಸಿನಲ್ಲಿ ಮುಚ್ಚಿಡುವುದು ಏನಿದೆ!

ಆದರೆ ಮನೆಯಲ್ಲಿ ಇನ್ನೊಂದು ಮಾತೂ ಇತ್ತು. ಅವ್ವನ ತಮ್ಮ ಸಗರದಲ್ಲಿದ್ದ. ನನಗಿಂತ ದುಪ್ಪಟ್ಟು ವಯಸ್ಸಿನ ಸೋದರಮಾವ. ಹೆಂಡತಿ ತೀರಿಹೋಗಿದ್ದಳು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಬಂದಾಗಲೆಲ್ಲ ನನಗೆ ಬೆಲ್ಲ ತರುತ್ತಿದ್ದ. ಆದರೆ ಅವನ ಬಾಯಿಂದ ಎತ್ತುಗಳ ಮಾತು ಬಿಟ್ಟರೆ ಬೇರೆ ಮಾತು ನಾನು ಕೇಳಿಲ್ಲ. ಅವ್ವನಿಗೆ ನನ್ನನ್ನು ತಮ್ಮನಿಗೇ ಕೊಡಬೇಕೆಂಬ ಆಸೆ. ಅಪ್ಪ ನಡುವೆ ಸಿಕ್ಕಿಕೊಂಡು ಕೊನೆಗೆ ಕಚೇರಿಯ ಸಾಹೇಬರಂತೆ ತೀರ್ಪು ಕೊಟ್ಟ: “ಕಕ್ಕೇರಾದಂವ ಹೊಲದಾಗ ಗೆದ್ರ ಅವಗ. ಸೋತ್ರ ಈ ಸುಗ್ಗಿಯಾಗನ ಸಗರಕ್ಕ ಕೊಡೂದು. ಇದು ಹುಕುಂ, ಮತ್ತ ಮಾತಿಲ್ಲ.” ಅಲ್ಲಿಗೆ ನನ್ನ ಬದುಕೆಲ್ಲ ಮೂರು ಕಡ್ಡಿಗಳ ಮೇಲೆ ನಿಂತಿತು.

ಅದೇ ದಿನ ಗೋಡೆಯ ಆಚೆಯಿಂದ ಕೂಗು ಬಂತು, “ಏ ಹುಡುಗಿ, ಸೂಜಿಗೆ ದಾರ ಪೋಣಿಸಿ ಕೊಡು ಬಾ!” ಹೋದೆ. ಸೂಜಿಯೂ ಇಲ್ಲ, ದಾರವೂ ಇಲ್ಲ. ದೊಡ್ಡವ್ವ ನನ್ನ ಗದ್ದ ಹಿಡಿದು ಮೇಲೆತ್ತಿ, “ಬೇಕೋ ಬ್ಯಾಡೋ?” ಎಂದಳು.

ನಾನು ಕಾಲ್ಬೆರಳಿನಿಂದ ನೆಲ ಕೆರೆದೆ. ನಾಚಿಕೆ.

“ಬಾಯಿ ಬಿಟ್ಟು ಹೇಳವಾ. ಕಡ್ಡಿ ಆರಿಸೂದು ನನ್ನ ಕೆಲಸ, ಗಂಡನ ಆರಿಸೂದು ನಿಂದು. ನಿನ್ನ ಕೆಲಸ ನಾ ಮಾಡಂಗಿಲ್ಲ.”

“ಬೇಕು” ಎಂದೆ. ಆ ಒಂದು ಮಾತು ಹೇಳಲು ನನಗೆ ಎಷ್ಟು ಉಸಿರು ಬೇಕಾಯಿತೋ!

“ಅಷ್ಟ ಸಣ್ಣಗ ಹೇಳಿದ್ರ ಬಾಣಕ್ಕ ಕೇಳಸಂಗಿಲ್ಲ” ಎಂದು ನಕ್ಕು, ಬೆನ್ನಿಗೆ ಒಂದು ಗುದ್ದು ಕೊಟ್ಟು ಕಳಿಸಿದಳು.

ಮುಂದಿನ ವಾರ ದೊಡ್ಡವ್ವ ಕಕ್ಕೇರಾಕ್ಕೆ ಹೋಗಿ ಬಂದಳು. ಅಲ್ಲಿ ಯಾರೋ ದೂರದ ಬಳಗ ಇದ್ದಾರೆಂಬ ನೆಪ. ಆ ಹುಡುಗನ ಮನೆಯಲ್ಲಿ ನೀರು ಕೇಳಿ ಕುಡಿದು, ಗೋಡೆಗೆ ತೂಗುಹಾಕಿದ್ದ ಬಿಲ್ಲಿನ ಕೆಳಗೇ ಕೂತು, ಏಳುವಾಗ ಆಸರೆಗೆ ಎಂಬಂತೆ ಅದನ್ನು ಹಿಡಿದು ಒತ್ತಿ ನೋಡಿ ಬಂದಿದ್ದಳು. ಅಷ್ಟೇ ಅಲ್ಲ, “ನಮ್ಮ ದೇವರ ದಾರ ಐತಿ, ಹುಡುಗನ ಅಳತಿ ಬೇಕು” ಎಂದು ಅವನ ಎದೆಯಿಂದ ಬೆರಳ ತುದಿಯವರೆಗೆ ದಾರ ಹಿಡಿದು ಅಳೆದೂ ಬಂದಿದ್ದಳು. ಅವನ ತಾಯಿ ಪಾಪ, ಈ ಪುಣ್ಯಾತ್ಗಿತ್ತಿಗೆ ಕೈ ಮುಗಿದು ಜೋಳ ಕೊಟ್ಟು ಕಳಿಸಿದ್ದಳು.

“ಹುಡುಗ ಪಸಂದ್ ಆದ” ಎಂದು ಬಂದು ಹೇಳಿದಳು. “ಕೈ ಉದ್ದ ಅದಾವು, ಮಾತು ಕಡಿಮಿ. ಬಿಲ್ಲ ಮಾತ್ರ ಮೆತ್ತಗೈತಿ, ಹೂವಿನಂಥಾದ್ದು.”

ಆ ಬಾಣಗಳನ್ನು ಅವಳು ಆರಿಸಿದ ಬಗೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಗಲೆಲ್ಲ ಅಂಗಳದಲ್ಲಿ ಕಡ್ಡಿಯ ಹೊರೆ ಬಿಚ್ಚಿಕೊಂಡು ಕೂತಳು. ಮೊದಲು ದಾರದ ಅಳತೆಗೆ ಉದ್ದ ನೋಡಿದಳು. ಉದ್ದ ಕೈಯವನಿಗೆ ಗಿಡ್ಡ ಬಾಣ ಕೊಟ್ಟರೆ ಎಳೆದಾಗ ಬೆರಳಿಗೇ ಚುಚ್ಚೀತು. ಆಮೇಲೆ ಒಂದು ಕಣ್ಣು ಮುಚ್ಚಿ ಕಡ್ಡಿಯ ಉದ್ದಕ್ಕೂ ದಿಟ್ಟಿಸುವಳು, ಮುಂಗೈಯ ಮೇಲೆ ಹೊರಳಿಸುವಳು, ಎಡವಿದರೆ ಒಲೆಗೆ. ಉಳಿದದ್ದನ್ನು ಎರಡು ಮಣೆಗಳ ನಡುವೆ ಸೇತುವೆಯ ಹಾಗೆ ಇಟ್ಟು, ನಡುವಿಗೆ ತೂಕದ ಕಲ್ಲು ಕಟ್ಟಿ ಇಳಿಬಿಡುವಳು. ಕಡ್ಡಿ ಎಷ್ಟು ಬಾಗಿತು ಎಂದು ನೆಲದಿಂದ ಬೆರಳಿಟ್ಟು ನೋಡುವಳು. ಮೂರೂ ಒಂದೇ ಸಮ ಬಾಗಬೇಕು. ಹೊರೆಯಲ್ಲಿ ಮೂರು ಅಂಥವು ಸಿಗುವಷ್ಟರಲ್ಲಿ ಅಂಗಳದ ನೆರಳು ಆ ಕಡೆಯಿಂದ ಈ ಕಡೆಗೆ ಬಂದಿತ್ತು.

ಗರಿಯ ವಿಷಯದಲ್ಲೂ ಅಷ್ಟೇ ಹಟ. ಹದ್ದಿನ ಎಡರೆಕ್ಕೆಯ ಗರಿಗಳನ್ನೇ ಹುಡುಕಿ ಕಟ್ಟಿದಳು. “ಎಡದ್ದು ಬಲದ್ದು ಕಲಸಿದ್ರ ಬಾಣಕ್ಕ ಯಾವ ಕಡಿ ತಿರುಗ್ಬೇಕು ತಿಳಿಯಂಗಿಲ್ಲ, ನಿಮ್ಮಪ್ಪನಂಗ ನಡುವ ನಿಂದರ್ತೈತಿ” ಎಂದಳು. ಮುಂದಕ್ಕೆ ಕಬ್ಬಿಣದ ಸಣ್ಣ ಮೊನೆ ತೊಡಿಸಿ, ಬಾಣವನ್ನು ಬೆರಳ ಮೇಲೆ ಇಟ್ಟು ತೂಗಿ, ತಲೆಯ ಕಡೆಗೆ ಸ್ವಲ್ಪ ಭಾರ ಇದೆಯೆಂದು ಖಾತ್ರಿ ಮಾಡಿಕೊಂಡಳು. ಆ ಬಾಣಗಳಿಗೆ ಬಣ್ಣ ಇಲ್ಲ, ಜರಿ ಇಲ್ಲ. ನೋಡಲು ಒಲೆ ಊದುವ ಕೊಳವೆಯ ತಂಗಿಯರ ಹಾಗಿದ್ದವು. ನನಗೆ ಸ್ವಲ್ಪ ಬೇಸರವೇ ಆಯಿತು. ನನ್ನ ಮುಖ ನೋಡಿ, “ಚಂದ ನಿನ್ನ ಮಾರಿಗಿರಲಿ, ಬಾಣಕ್ಕ ಯಾಕ?” ಎಂದು ಗದರಿಸಿದಳು.

ಆ ದಿನ ಬಂತು. ಬಾಣಗಳಿಗೆ ಅರಿಶಿನ ಹಚ್ಚಿ, ಪರಾತದಲ್ಲಿಟ್ಟು, ಎರಡೂ ಕಡೆಯ ಹಿರಿಯರಿಗೆ ಮುಟ್ಟಿಸಿ ಆಗಿತ್ತು. ಒಮ್ಮೆ ಮುಟ್ಟಿಸಿದ ಬಾಣ ಬದಲಿಸುವಂತಿಲ್ಲ. ಬೀಗರು ಗಾಡಿಯಿಂದ ಇಳಿದು ಹೊಲದ ಬದುವಿನ ಮೇಲೆ ಕೂತಿದ್ದರು. ಆಮೇಲೆ ಹುಡುಗ ಗಾಡಿಯ ಹಿಂದಿನಿಂದ ಬಿಲ್ಲು ತೆಗೆದ. ನನ್ನ ಪಕ್ಕದಲ್ಲಿ ನಿಂತಿದ್ದ ದೊಡ್ಡವ್ವನ ಬಾಯಿಂದ ಎಲೆ ಅಡಿಕೆ ಕೆಳಗೆ ಬಿತ್ತು.

ಅದು ಆ ಹೂವಿನಂಥ ಬಿಲ್ಲಲ್ಲ. ಅವನ ಅಜ್ಜ-ಮುತ್ತ್ಯಾರ ಕಾಲದ್ದು, ಹಂದಿ ಬೇಟೆಯ ಬಿಲ್ಲು, ತೋಳಿನಷ್ಟು ದಪ್ಪ. ಸುರಪುರದವರ ಮುಂದೆ ಸಣ್ಣ ಬಿಲ್ಲು ಹಿಡಿದು ನಿಲ್ಲುವುದು ನಾಚಿಕೆ ಎಂದು ಮನೆಯ ಅಟ್ಟದಿಂದ ಇಳಿಸಿ, ಎಣ್ಣೆ ತಿಕ್ಕಿ, ಹೊತ್ತು ತಂದಿದ್ದ. ನನ್ನನ್ನು ಮೆಚ್ಚಿಸಲಿಕ್ಕೇ ಹಾಗೆ ಮಾಡಿದ್ದು ಎಂದು ಆಮೇಲೆ ಹೇಳಿದ, ಆಗ ಮಾತ್ರ ನನ್ನ ಕೊರಳಿಗೇ ತಂದಿದ್ದ. “ಹಾಳಾತು” ಎಂದಳು ದೊಡ್ಡವ್ವ. “ಮೆತ್ತನ್ನ ಕಡ್ಡಿ ಅವು. ಆ ರಾಕ್ಷಸ ಬಿಲ್ಲಿಗೆ ಹಾವಿನಂಗ ಬಳುಕಿ ಬಲಕ್ಕ ಹೊಕ್ಕಾವು.” ಬದುವಿನ ಮೇಲೆ ಸಗರದ ಮಾವನೂ ಕೂತಿದ್ದ. ಅವನ ಮುಂದೆ ಬೆಲ್ಲದ ಗಂಟು ಇತ್ತು.

ಹುಡುಗಿ ಪರಾತ ಹಿಡಿದುಕೊಂಡು ಜೊತೆಗೆ ನಡೆಯಬೇಕು, ತಲೆ ಎತ್ತಬಾರದು. ಮೊದಲ ಗುರಿ ಹಳ್ಳದ ಆಚೆ ಇಟ್ಟ ಮಣ್ಣಿನ ಗಡಿಗೆ. ಅವನು ಬಾಣ ಏರಿಸಿದ, ಎಳೆದ, ಬಿಟ್ಟ. ಮಂದಿ “ಅಯ್ಯಯ್ಯ” ಎಂದರು. ದೊಡ್ಡವ್ವನ ಕಣ್ಣಿಗೆ ಪೊರೆ ಬಂದು ದೂರದ್ದು ಮಸುಕಾಗಿತ್ತು.

“ತಲಿ ಎತ್ತಿ ನೋಡು. ಯಾವ ಕಡಿ ಹೋತು?” ಎಂದು ನನ್ನ ತೋಳು ಜಿಗುಟಿದಳು.

ರಿವಾಜು ಗಿವಾಜು ಎಲ್ಲ ಗಾಳಿಗೆ ತೂರಿ ತಲೆ ಎತ್ತಿದೆ. “ಬಲಕ್ಕ. ಒಂದ ಮಾರು ಬಲಕ್ಕ ನೆಟ್ಟೈತಿ.”

“ಎಷ್ಟ ಎಳೆದ? ಕಿವಿ ತನಕ ಎಳೆದನೇನ?”

“ಇಲ್ಲ. ಗದ್ದಕ್ಕಿಂತ ಒಂದ ಚೋಟು ಮುಂದ ನಿಂತಿತ್ತು. ಕೈ ನಡುಗಾಕತ್ತಿತ್ತು.”

ದೊಡ್ಡವ್ವನ ಮುಖದ ಮೇಲೆ ಬೆಳಕು ಬಂದದ್ದನ್ನು ನಾನು ನೋಡಿದೆ. “ಹಂಗಾರ ಪೂರಾ ಎಳಿಯಾಕ ಆಗವಲ್ದು ಅವಗ. ಗಿಡ್ಡ ಮಾಡಿದ್ರೂ ನಡಿತೈತಿ” ಎಂದು ಗೊಣಗಿದವಳೇ, ಎರಡನೇ ಗುರಿಯ ಕಡೆ ಹೊರಟಿದ್ದ ಮಂದಿಯ ಮುಂದೆ ಹೋಗಿ ಎರಡೂ ಕೈ ಅಡ್ಡ ಹಿಡಿದು ನಿಂತಳು.

“ನಿಂದರ್ರಿ ಎಲ್ಲಾರೂ! ಬಾಣಕ್ಕ ದೃಷ್ಟಿ ಆಗೈತಿ!”

ಓಣಿಗೆಲ್ಲ ಕೇಳಿಸುವ ಆ ಗಂಟಲು ಹೊಲದಲ್ಲಿ ಹೇಗೆ ಕೇಳಿಸಿರಬೇಕು! ಎತ್ತುಗಳು ಕೂಡ ಮೇವು ಬಿಟ್ಟು ನೋಡಿದವು. ಪರಾತದಿಂದ ಬಾಣ ಎತ್ತಿಕೊಂಡು, ಕಬ್ಬಿಣದ ಮೊನೆಯನ್ನು ಹಲ್ಲಿನಿಂದ ಕಚ್ಚಿ ಎಳೆದು ಉಗುಳಿದಳು. ಗಂಡಿನ ಕಡೆಯ ಮುದುಕ ಒಬ್ಬ ಎದ್ದು ನಿಂತ. “ಏನ ಮಾಡಾಕತ್ತೀಯವ್ವಾ? ಕಬ್ಬಿಣ ಇದ್ದಲ್ಲಿ ದೃಷ್ಟಿ ತಾಗಂಗಿಲ್ಲ ಅಂತಾರ, ನೀ ಕಬ್ಬಿಣನ ತೆಗಿಯಾಕತ್ತೀದಿ!”

ಎಲ್ಲ ಮುಗಿಯಿತು ಎಂದುಕೊಂಡೆ. ದೊಡ್ಡವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಕಬ್ಬಿಣ ದೃಷ್ಟಿ ಕುಡೀತೈತ್ರಿ ಯಜಮಾನರ. ಇಷ್ಟ ಮಂದಿ ದೃಷ್ಟಿ ಕುಡದು ಕುಡದು ಹೊಟ್ಟಿ ತುಂಬೇತಿ ಅದಕ್ಕ. ಅದಕ್ಕ ಬಾಣಕ್ಕ ತಲಿ ಭಾರ ಆಗೇತಿ. ನಿಮ್ಮ ಹುಡುಗ ಗೆಲ್ಲೂದು ಬ್ಯಾಡಂದ್ರ ಹೇಳ್ರಿ, ಹಂಗ ಬಿಡ್ತೀನಿ.”

ಮುದುಕ ಕೂತ. ದೊಡ್ಡವ್ವ ಟೊಂಕದಿಂದ ಕುಡಗೋಲು ತೆಗೆದು, ಬಾಣದ ತಲೆಯ ಕಡೆಯಿಂದ ನಾಲ್ಕು ಬೆರಳಿನಷ್ಟು ಕತ್ತರಿಸಿ, ತುದಿ ಚೂಪು ಮಾಡಿದಳು. ಉಳಿದ ಇನ್ನೊಂದಕ್ಕೂ ಅದೇ ಪೂಜೆ. ಕತ್ತರಿಸಿದ ತುಂಡುಗಳನ್ನು ನನ್ನ ತಲೆಗೆ ನಿವಾಳಿಸಿ, ಹುಡುಗನ ತಲೆಗೆ ನಿವಾಳಿಸಿ, ಥೂ ಥೂ ಎಂದು ಒಂದು ಕಡೆ ಎಸೆದಳು. ಕಡ್ಡಿ ಗಿಡ್ಡವಾದಷ್ಟೂ ಬಿರುಸಾಗುತ್ತದೆ, ತಲೆಯ ಭಾರ ಕಡಿಮೆಯಾದಷ್ಟೂ ಬಳುಕುವುದು ಕಡಿಮೆ. ಅಷ್ಟು ಜನರ ನಡುವೆ ಅದು ತಿಳಿದದ್ದು ನಮ್ಮಿಬ್ಬರಿಗೇ. ಉಳಿದವರೆಲ್ಲ ಭಕ್ತಿಯಿಂದ ನೋಡುತ್ತಿದ್ದರು.

ಎರಡನೆಯದು ಎರಡು ಜಾಲಿ ಗಿಡಗಳ ನಡುವೆ ತೂಗುಬಿಟ್ಟ ಹಾಲುಗುಂಬಳ. ಈ ಸಲ ಯಾರೂ ಜಿಗುಟದೆಯೇ ನಾನು ತಲೆ ಎತ್ತಿದ್ದೆ. ಹೆದೆ ಠಣ್ಣೆಂದಿತು. ಕಾಯಿಯ ನಡುವಿಗೆ ಬಾಣ ನೆಟ್ಟು, ಅದು ಗಿರಗಿರ ಸುತ್ತಿತು. ನಮ್ಮ ಅಪ್ಪ, ಯಾರ ಕಡೆಯೂ ಇಲ್ಲದ ಮನುಷ್ಯ, “ಶಾಬ್ಬಾಸ್!” ಎಂದು ಕೂಗಿಬಿಟ್ಟ. ಅವ್ವ ಅವನ ಕಡೆ ಕೆಂಗಣ್ಣು ಬಿಟ್ಟಳು.

ಮೂರನೆಯದು ಗುಡ್ಡದ ಏರಿನಲ್ಲಿ ಬಂಡೆಯ ಮುಂದೆ ನಿಲ್ಲಿಸಿದ್ದ ಕಣಿಕೆಯ ಹಂದಿ, ಎಂದರೆ ಜೋಳದ ದಂಟು ಕಟ್ಟಿ ಮಾಡಿದ್ದು. ಏರಿಗೆ ಬಿಡುವುದು ಕಷ್ಟ, ಬಿಸಿಲಿಗೆ ಗಾಳಿಯೂ ಎದ್ದಿತ್ತು. ಹುಡುಗನ ತೋಳು ಆ ಹಾಳು ಬಿಲ್ಲು ಎಳೆದು ಎಳೆದು ಸೋತಿತ್ತು. ಅವನು ಬೆವರು ಒರೆಸಿಕೊಂಡ. ನನ್ನ ಕಡೆ ನೋಡಿದ. ನಾನೂ ನೋಡಿದೆ. ಬಾಣ ಹೋಯಿತು, ಹಂದಿಯ ಹಿಂಭಾಗಕ್ಕೆ, ಬಾಲದ ಬುಡಕ್ಕೇ ನೆಟ್ಟಿತು.

ಅಲ್ಲಿ ಶುರುವಾಯಿತು ನೋಡಿ ಗದ್ದಲ. ತಾಗಿತು ಎಂದು ಅವರು, ಎದೆಗೆ ತಾಗಿದರೆ ಮಾತ್ರ ಲೆಕ್ಕ ಎಂದು ನಮ್ಮ ಅವ್ವನ ಕಡೆಯವರು. ದೊಡ್ಡವ್ವನೂ ಬಾಯಿ ಹಾಕಿದಳು, ಆದರೆ ಅವಳದು ಬಾಜೂಮನೆಯವಳ ಬಾಯಿ, ತೀರ್ಪಿಗೆ ಬರುವಂಥದ್ದಲ್ಲ. ಕೊನೆಗೆ ಅಪ್ಪ ಸಗರದ ಮಾವನ ಕಡೆ ತಿರುಗಿದ. “ನೀ ಹೇಳಪಾ. ನಿನ್ನ ಮಾತ ಆಖೈರು.” ಯಾರ ಕೈಯಿಂದ ತಪ್ಪಿಸಿಕೊಳ್ಳಬೇಕೆಂದಿದ್ದೆನೋ ಅವನ ಕೈಯಲ್ಲೇ ತೀರ್ಪು!

ಮಾವ ನಿಧಾನವಾಗಿ ಎದ್ದ. ಹಂದಿಯ ಹತ್ತಿರ ಹೋಗಿ ಸುತ್ತ ನೋಡಿದ. ಬಾಣವನ್ನು ಅಲ್ಲಾಡಿಸಿದ. ಆಮೇಲೆ ನನ್ನ ಕಡೆ ನೋಡಿದ. ನಾನು ತಲೆ ಎತ್ತಿಕೊಂಡೇ ನಿಂತಿದ್ದೆ, ಕಣ್ಣಲ್ಲಿ ನೀರು. ಎಲ್ಲ ಅದರಲ್ಲೇ ಓದಿಕೊಂಡನೋ ಏನೋ.

“ಅಲ್ರಿ, ಎತ್ತು ಕೊಳ್ಳಾಕ ಹೋದ್ರ ಕುಂಡಿ ಬಿಟ್ಟು ಕೊಳ್ತೀರೇನು?” ಎಂದ. “ಹಂದಿ ಕುಂಡಿನೂ ಹಂದಿನ. ಹುಡುಗ ಗೆದ್ದಾನ. ವೀಳ್ಯ ತರ್ರಿ.”

ಹೊಲಕ್ಕೆ ಹೊಲವೇ ನಕ್ಕಿತು. ಅವ್ವ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತಂದಿದ್ದ ಬೆಲ್ಲವನ್ನು ಮಾವ ಅಲ್ಲೇ ಬಿಚ್ಚಿ ಎಲ್ಲರ ಕೈಗೆ ಹಾಕಿದ. ಆ ಮನುಷ್ಯನ ಎತ್ತಿನ ಮಾತುಗಳನ್ನು ನಾನು ಆಮೇಲೆ ಜೀವನಪೂರ್ತಿ ಪ್ರೀತಿಯಿಂದ ಕೇಳಿದೆ.

ಮದುವೆಯಾಗಿ ಹೊರಡುವ ಮುಂಜಾನೆ ದೊಡ್ಡವ್ವನ ಕಾಲಿಗೆ ಬಿದ್ದೆ. “ಗಂಡಗ ಹೇಳಬ್ಯಾಡ ಮತ್ತ” ಎಂದಳು. “ಗುರಿ ಅವಂದ ಇರಲಿ. ಅದಷ್ಟ ಇದ್ರ ಗಂಡಸು ಖುಷಿಯಾಗಿರ್ತಾನ.” ಆಗ ನನಗೆ ಏನು ಹೊಳೆಯಿತೋ, “ನಿನ್ನ ಮದುವ್ಯಾಗ ಬಾಣ ಯಾರು ಆರಿಸಿದ್ರು ದೊಡ್ಡವ್ವ?” ಎಂದು ಕೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತಿದ್ದಳು. ಸವರುವುದನ್ನು ನಿಲ್ಲಿಸಲಿಲ್ಲ. “ನಮ್ಮವ್ವ. ಭಾರಿ ಛಲೋ ಬಾಣ. ಮೂರಕ್ಕ ಮೂರೂ ತಾಗಿದ್ವು. ಬೇಕೋ ಬ್ಯಾಡೋ ಅಂತ ನನಗ ಯಾರೂ ಕೇಳಿರಲಿಲ್ಲ...” ಎಂದಳು. ಎಲೆಯ ಮೇಲೆ ತಂಬಾಕು ಉದುರಿಸುತ್ತ, “ಕೆಟ್ಟಂವ ಅಲ್ಲ ಬಿಡು, ಇದ್ದಷ್ಟ ದಿನ ಇದ್ದ” ಎಂದು ಎಲೆ ಮಡಚಿ ನನ್ನ ಬಾಯಿಗೇ ಇಟ್ಟಳು. ನಾನು ಅಳುವುದಕ್ಕೆ ಮೊದಲೇ ತಂಬಾಕಿನ ಖಾರಕ್ಕೆ ಕಣ್ಣೀರು ಬಂತು, ಅವಳು ಬಿದ್ದು ಬಿದ್ದು ನಕ್ಕಳು.

ಆಮೇಲೆ ಕೆಲವು ವರ್ಷ ತವರಿಗೆ ಹೋದಾಗಲೆಲ್ಲ ಮೊದಲು ಅವಳ ಅಂಗಳ, ಆಮೇಲೆ ನಮ್ಮ ಮನೆ. ಇಬ್ಬರೂ ಕೂತು ಆ ದೃಷ್ಟಿಯ ಕತೆ ನೆನೆಸಿ ನೆನೆಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಿಜಾಮರ ಕೊನೆಯ ದಿನಗಳ ಗಲಾಟೆ ಶುರುವಾದಾಗ ಮಾತ್ರ ಹಾದಿಗಳು ನಿಂತುಹೋದವು. ಕಕ್ಕೇರಾದಿಂದ ಸುರಪುರಕ್ಕೆ ಹೆಂಗಸರ ಗಾಡಿ ಹೊರಡುತ್ತಿರಲಿಲ್ಲ. ಆ ನಡುವೆ ಯಾವಾಗಲೋ ದೊಡ್ಡವ್ವ ಜ್ವರದಿಂದ ಹೋದಳು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಅವಳ ದಿನಕರ್ಮವೂ ಮುಗಿದಿತ್ತು. ಹೋದಾಗ ಬಾಜೂಮನೆಯಲ್ಲಿ ಬೇರೆಯವರಿದ್ದರು. ಜಂತಿಯಲ್ಲಿ ಕಡ್ಡಿಗಳಿರಲಿಲ್ಲ. ಕ್ರಮೇಣ ಬಿಲ್ಲುಗಳೂ ಮನೆಗಳಿಂದ ಹೋದವು, ಹೊಲ ಸುತ್ತಿಸುವ ರಿವಾಜೂ ಹೋಯಿತು. ಹುಡುಗಿಯರನ್ನು ಹಿತ್ತಲಿಗೆ ಕರೆದು ಕೇಳುವವರು ಬಹಳ ವರ್ಷ ಯಾರೂ ಇರಲಿಲ್ಲ.

ನಮ್ಮ ಯಜಮಾನರು ಇದ್ದಾರೆ. ಹಲ್ಲು ಹೋಗಿವೆ, ಕಣ್ಣು ಮಂದವಾಗಿದೆ, ಹಾಗಾಗಿ ನಾನು ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ಮನೆಗೆ ಯಾರೇ ಬರಲಿ, ಚಹಾ ಮುಗಿಯುವುದರೊಳಗೆ ಮಾತು ಆ ಹೊಲಕ್ಕೆ ಹೋಗುತ್ತದೆ. “ಮೊದಲನೇದು ಬೇಕಂತನ ತಪ್ಪಿಸಿದ್ದೆ, ಗಾಳಿ ಎತ್ತಾಗ ಐತಿ ನೋಡಾಕ” ಎನ್ನುತ್ತಾರೆ. “ಆಮ್ಯಾಲ ನೋಡ್ರಿ, ಕುಂಬಳಕಾಯಿ ನಡುವ! ಹಂದೀನ ಓಡಿ ಹೊಂಟಂಗ ತಿಳಕೊಂಡು ಹಿಂದಿಂದ ಹೊಡದೆ!” ಮೊಮ್ಮಕ್ಕಳು ಬಾಯಿ ತೆರೆದು ಕೇಳುತ್ತವೆ. ಯಜಮಾನರ ಮುಖದ ಮೇಲಿನ ಆ ಖುಷಿ ನೋಡಿದರೆ ದೊಡ್ಡವ್ವ ಹೇಳಿದ್ದು ಎಷ್ಟು ಸರಿ ಎನ್ನಿಸುತ್ತದೆ.

ನನಗೆ ಮಾತ್ರ ನಗು ತಡೆಯಲಾಗುವುದಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ, ಗೋಡೆಗೆ ಒರಗಿ ನಿಂತು ನಗುತ್ತೇನೆ. ನಗುತ್ತ ನಗುತ್ತ ಪಕ್ಕಕ್ಕೆ ತಿರುಗುತ್ತೇನೆ, ಯಾರದೋ ತೋಳು ಜಿಗುಟಲಿಕ್ಕೆ. ಇಡೀ ಜಗತ್ತಿನಲ್ಲಿ ಈ ನಗು ಗೊತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬಳೇ ಇದ್ದೇನೆ.